ವಾರಕ್ಕೊಂದು ಕೀ, ವಾರಕ್ಕೊಂದು ಮಾತ್ರೆ

ಊರಿನ ಅರ್ಧ ಜನ ಸಮಯ ನೋಡುವುದೇ ತಾನು ರಿಪೇರಿ ಮಾಡಿದ ಗಡಿಯಾರಗಳಲ್ಲಿ; ಅಂಥ ತಾನು ವಾರಕ್ಕೊಂದು ಮಾತ್ರೆ ಮರೆಯುವುದುಂಟೇ ಎಂದು ಗಡಿಯಾರದಂಗಡಿ ಯಜಮಾನರು ಡಾಕ್ಟರಮ್ಮನ ಎದುರೇ ಮೀಸೆ ತಿರುವಿದರು. ಅವರ ಬಲಗೈ ಹೆಬ್ಬೆರಳಿನ ಉಗುರಿಗೆ ಫಂಗಸ್ ಹಿಡಿದು, ಹಳದಿಯಾಗಿ ಪುಡಿಪುಡಿ ಉದುರುತ್ತಿತ್ತು. ಆ ಉಗುರಿಲ್ಲದೆ ಕೈಗಡಿಯಾರದ ಮುಚ್ಚಳ ಬಿಚ್ಚುವ ಹಾಗಿಲ್ಲ. ಸಾಲದ್ದಕ್ಕೆ ಗಿರಾಕಿಗಳು ಆ ಬೆರಳು ಕಂಡೊಡನೆ ಗಡಿಯಾರವನ್ನು ಮತ್ತೆ ಜೇಬಿಗಿಳಿಸುತ್ತಿದ್ದರು. ಹೀಗೇ ಆದರೆ ಅಂಗಡಿ ಮುಚ್ಚಬೇಕಾದೀತು ಎಂಬ ಭಯ ಒಳಗೊಳಗೇ ಇತ್ತು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಲಿವರ್ ಚೆನ್ನಾಗಿದೆಯೆಂದು ಖಾತ್ರಿ ಮಾಡಿಕೊಂಡರು. ಬೇರೆ ಏನೇನು ಔಷಧಿ ತೆಗೆದುಕೊಳ್ಳುತ್ತಾರೆಂದು ವಿಚಾರಿಸಿ, ಪ್ರತಿ ಭಾನುವಾರ ಒಂದು ಮಾತ್ರೆ, ತಾನು ಹೇಳುವ ತನಕ ನಿಲ್ಲಿಸಬಾರದು ಎಂದು ಬರೆದುಕೊಟ್ಟರು.

ಯಜಮಾನರು ಮಹಾ ಯೋಜನೆಯೊಂದನ್ನು ಹಾಕಿದರು. ಮನೆಯ ಹಜಾರದ ಗೋಡೆ ಗಡಿಯಾರಕ್ಕೆ ವಾರಕ್ಕೊಮ್ಮೆ ಕೀ ಕೊಡಬೇಕು. ಎಂಟು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಅದರ ಲೋಲಕದ ಹಿಂದೆ ಇಟ್ಟರು. ಕೀ ಕೊಟ್ಟ ಕೂಡಲೇ ಮಾತ್ರೆ. ಸ್ಪ್ರಿಂಗ್ ಬಿಗಿಯಾಗಿದ್ದರೆ ಮಾತ್ರೆ ನುಂಗಿಯಾಗಿದೆ ಎಂದೇ ಅರ್ಥ! ಮನುಷ್ಯನ ನೆನಪು ಸುಳ್ಳು ಹೇಳಬಹುದು, ಸ್ಪ್ರಿಂಗ್ ಹೇಳದು ಎಂಬುದು ಅವರ ಮೂವತ್ತು ವರ್ಷದ ಸಿದ್ಧಾಂತ. ಹೆಂಡತಿ ಆಗ ತವರಿಗೆ ಹೋಗಿದ್ದರು.

ಎರಡು ಭಾನುವಾರ ಎಲ್ಲವೂ ಸಾಂಗವಾಗಿ ನಡೆಯಿತು. ಮೂರನೆಯ ವಾರ ಹೆಂಡತಿ ವಾಪಸು ಬಂದರು. ಆ ಭಾನುವಾರ ಸ್ನಾನ ಮುಗಿಸಿ ಕೀ ತಿರುಗಿಸಹೋದರೆ ಸ್ಪ್ರಿಂಗ್ ಗಟ್ಟಿ! ತನಗೇ ಅರಿವಿಲ್ಲದಂತೆ ಕೈ ಕೀ ಕೊಟ್ಟು ಮಾತ್ರೆಯನ್ನೂ ಬಾಯಿಗೆ ಹಾಕಿದೆಯಲ್ಲ ಎಂದು ಯಜಮಾನರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಮುಂದಿನ ಐದು ಭಾನುವಾರವೂ ಅದೇ ಪವಾಡ. ಅಂಗಡಿಗೆ ಬಂದವರಿಗೆಲ್ಲ ಶಿಸ್ತಿನ ಮೇಲೆ ಉಪನ್ಯಾಸವೂ ಆಯಿತು.

ಎರಡು ತಿಂಗಳಾದರೂ ಉಗುರು ಮಾತ್ರ ಹಳದಿಯೇ. ಔಷಧಿಯಲ್ಲೇ ಸತ್ವವಿಲ್ಲ ಎಂದು ಕೂಗಾಡುತ್ತ, ಸಾಕ್ಷಿಗೆಂದು ಕಾಗದದ ಪೊಟ್ಟಣವನ್ನು ಬಿಚ್ಚಿಯೂ ನೋಡದೆ ಜೇಬಿಗಿಳಿಸಿ, ಹೆಂಡತಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು. ಬೇರೆ ಔಷಧಿ ಬರೆಯುವ ಮೊದಲು ಡಾಕ್ಟರಮ್ಮ ಪೊಟ್ಟಣ ಬಿಚ್ಚಿದರು. ಎಂಟರಲ್ಲಿ ಆರು ಮಾತ್ರೆ ಹಾಗೆಯೇ ಕುಳಿತಿದ್ದವು.

"ಇದು ಮಾತ್ರೆನಾ? ಗಡಿಯಾರದ ಯಾವುದೋ ಸಾಮಾನು ಅಂದ್ಕೊಂಡು ಮುಟ್ಟಲೇ ಇಲ್ಲ" ಎಂದರು ಹೆಂಡತಿ. "ಇಪ್ಪತ್ತು ವರ್ಷದಿಂದ ಭಾನುವಾರ ಬೆಳಿಗ್ಗೆ ಅದಕ್ಕೆ ಕೀ ಕೊಡೋಳು ನಾನು. ತಾನಾಗೇ ಓಡುತ್ತೆ ಅಂದ್ಕೊಂಡಿದ್ರಾ?"

ಯಜಮಾನರು ಮರ್ಯಾದೆ ಉಳಿಸಿಕೊಳ್ಳಲು, ಆರನ್ನೂ ಈಗಲೇ ನುಂಗಿ ಸರಿದೂಗಿಸುತ್ತೇನೆ ಎಂದು ಕೈ ಚಾಚಿದರು. ಡಾಕ್ಟರಮ್ಮ ಮಾತ್ರೆಗಳನ್ನು ಪಕ್ಕಕ್ಕೆ ಸರಿಸಿದರು.

"ಆರು ವಾರದ ಕೀ ಒಂದೇ ಸಲ ಕೊಟ್ರೆ ಗಡಿಯಾರ ಏನಾಗುತ್ತೆ?"

"ಸ್ಪ್ರಿಂಗ್ ಮುರಿಯುತ್ತೆ."

"ನಿಮ್ಮ ಲಿವರ್‌ಗೂ ಅಷ್ಟೇ. ತಪ್ಪಿದ್ದು ತಪ್ಪಿತು. ಈ ಭಾನುವಾರದಿಂದ ಮತ್ತೆ ಒಂದೊಂದೇ."

ಕೆಲವು ವಾರ ಕಳೆದು ಈಗ ಉಗುರಿನ ಬುಡದಲ್ಲಿ ಹೊಸ ಗುಲಾಬಿ ಬಣ್ಣದ ಗೆರೆಯೊಂದು ಮೂಡಿದೆ. ಯಜಮಾನರಿಗೆ ಹೋದ ಜೀವ ಬಂದಂತಾಗಿದೆ. ಭಾನುವಾರ ಬೆಳಿಗ್ಗೆ ಹೆಂಡತಿ ಮೊದಲು ಗಡಿಯಾರಕ್ಕೆ ಕೀ ಕೊಡುತ್ತಾರೆ, ಆಮೇಲೆ ಗಂಡನಿಗೆ ಮಾತ್ರೆ ಮತ್ತು ನೀರು. ನುಂಗಿದೆ ಎಂದರೆ ನಂಬುವವರಲ್ಲ. ಗಂಡ ಗಡಿಯಾರ ನೋಡುವ ಭೂತಗನ್ನಡಿಯನ್ನೇ ಕಣ್ಣಿಗೆ ಸಿಕ್ಕಿಸಿಕೊಂಡು ಎದುರು ನಿಲ್ಲುತ್ತಾರೆ.

"ಬಾಯಿ ತೆಗೀರಿ. ಹಾಂ, ಈಗ ನಾಲಿಗೆ ಎತ್ತಿ."

ಊರಿಗೆಲ್ಲ ಸಮಯ ಸರಿಪಡಿಸುವ ಯಜಮಾನರು ನಾಲಿಗೆ ಎತ್ತುತ್ತಾರೆ.