ಕೊಂಬು ಬಂದ ಸರ್ವರ್

"ಇವತ್ತಿನಿಂದ ಈ ಮನೆಯ ಒಂದೇ ಒಂದು ಮಾತೂ ಪರರ ಕಂಪ್ಯೂಟರಿನಲ್ಲಿ ಬಿದ್ದು ಕೊಳೆಯಬಾರದು! ನಮ್ಮ ಅಂಚೆ ನಮ್ಮದೇ!"

ಭಾನುವಾರ ಬೆಳಿಗ್ಗೆ ಮೇಜು ಗುದ್ದಿ ಹೀಗೆಂದು ಘೋಷಿಸಿದವನು ನೀರು ಸರಬರಾಜು ಕಚೇರಿಯ ಗುಮಾಸ್ತ. ಹೆಂಡತಿ ಅವನಿಗೆ ದಯಪಾಲಿಸಿದ್ದ ಬಿರುದು 'ಪ್ರಯೋಗವೀರ'. ಗುದ್ದಿದ ರಭಸಕ್ಕೆ ಕಾಫಿ ಲೋಟ ಉರುಳಿ ಅವಳ ತೋಳಿನ ಮೇಲೇ ಚೆಲ್ಲಿತು. ಅವಳಿಗೆ ಬಿಸಿ ತಾಗಲಿಲ್ಲ. ಸಾಸಿವೆ ಬಣ್ಣದ ಆ ಸ್ವೆಟರಿನ ತೋಳು ಅಷ್ಟು ದಪ್ಪ, ಬೆರಳ ತುದಿ ದಾಟಿ ಜೋತಾಡುವಷ್ಟು ಉದ್ದ.

ಆ ಸ್ವೆಟರು ಬರೀ ಸ್ವೆಟರಲ್ಲ ಸ್ವಾಮಿ, ಶಾಂತಿ ಒಪ್ಪಂದ! ಅಡುಗೆಮನೆಯ ಡಬ್ಬಿಗಳನ್ನು ಯಾರು ಎಲ್ಲಿ ಜೋಡಿಸಬೇಕೆಂಬ ಮಹಾಯುದ್ಧದಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಒಂದು ದಿನ ಅತ್ತೆ ತುಟಿ ಪಿಟಕ್ಕೆನ್ನದೆ ತಾವು ಹೆಣೆದ ಅದನ್ನು ಸೊಸೆಯ ಹಾಸಿಗೆಯ ಮೇಲಿಟ್ಟು ಹೋದರು. ಸೊಸೆ ತುಟಿ ಪಿಟಕ್ಕೆನ್ನದೆ ತೊಟ್ಟುಕೊಂಡಳು. ಅಂದಿನಿಂದ ಮನೆಯಲ್ಲಿ ಮತ್ತೆ ಮಾತು, ನಗು. ನಮ್ಮ ವೀರನಿಗೂ ಮತ್ತೆ ಹೊತ್ತಿಗೆ ಸರಿಯಾಗಿ ಊಟ.

"ಅಂಚೆ ಪೆಟ್ಟಿಗೆ ಎಲ್ಲಿಡ್ತೀರಿ?" ಎಂದಳು ಹೆಂಡತಿ, ತೋಳು ಹಿಂಡುತ್ತಾ.

"ಸರ್ವರ್ ಬಾಡಿಗೆಗೆ ತಗೊಂಡಿದೀನಿ."

"ಎಲ್ಲಿದೆ ಅದು?"

"ಎಲ್ಲೂ ಇಲ್ಲ ಕಣೇ. ವರ್ಚುವಲ್. ಇದ್ದ ಹಾಗಿರುತ್ತೆ, ಆದ್ರೆ ಇರಲ್ಲ."

"ಇಲ್ಲದೇ ಇರೋದಕ್ಕೆ ಬಾಡಿಗೆ ಕಟ್ತಿದೀರಾ! ಅಯ್ಯೋ ನನ್ನ ಕರ್ಮವೇ!"

ಇಂಥ ಮಾತಿಗೆಲ್ಲ ಕುಗ್ಗುವ ಜೀವವೇ ಅದು? ಲ್ಯಾಪ್‌ಟಾಪ್ ಬಿಚ್ಚಿ ಕೂತ. ಕಾಗದ, ಅಂದರೆ ಇ-ಮೇಲ್, ಹೊರಗೆ ಹೆಜ್ಜೆಯಿಡದೆ ಆ ಒಂದೇ ಸರ್ವರಿನೊಳಗೆ ಒಬ್ಬರ ಪೆಟ್ಟಿಗೆಯಿಂದ ಇನ್ನೊಬ್ಬರ ಪೆಟ್ಟಿಗೆಗೆ ಬೀಳಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಪೆಟ್ಟಿಗೆಗಳಿಗೆ ಅಚ್ಚ ಕನ್ನಡದಲ್ಲೇ ಹೆಸರಿಟ್ಟ: ಅಮ್ಮ, ಅತ್ತೆ, ಮಾವ, ಅಕ್ಕ, ಹೆಂಡತಿ, ನಾನು. ಎಲ್ಲಿ ಕೆಟ್ಟಿತು, ಏನು ತಪ್ಪಿತು ಎಂದು ಸರ್ವರ್ ತನ್ನ ಗೊಣಗಾಟವನ್ನು ತಾನೇ ಬರೆದುಕೊಳ್ಳುತ್ತದಲ್ಲ, ಅದಕ್ಕೊಂದು ಪೆಟ್ಟಿಗೆ, 'ಸರ್ವರ್'. ಅದನ್ನು ಯಾರೂ ಓದುವುದಿಲ್ಲ. ಇಡೀ ಬಳಗಕ್ಕೆ ಒಟ್ಟಿಗೇ ಬರೆಯಬೇಕೆಂದರೆ? ಅದಕ್ಕೊಂದು ವಿಳಾಸ, 'ಸರ್ವರು'. ತನ್ನ ಈ ಶ್ಲೇಷೆಗೆ ತಾನೇ ಬಿದ್ದು ಬಿದ್ದು ನಕ್ಕ.

ಮೊದಲ ಕಾಗದವನ್ನು ತನಗೇ ಬರೆದುಕೊಂಡ: "ಕ್ಷೇಮವೇ?" ಠಣ್ಣೆಂದು ಬಂತು! "ಕ್ಷೇಮ" ಎಂದು ತನಗೇ ಉತ್ತರಿಸಿದ.

"ಇಷ್ಟಕ್ಕೆ ಕನ್ನಡಿ ಸಾಕಿತ್ತಲ್ರೀ," ಎಂದಳು ಹೆಂಡತಿ.

ಆಮೇಲೆ ಸ್ಕೂಟರ್ ಹತ್ತಿ ಅತ್ತೆ ಮಾವನ ಮನೆಗೂ ಅಕ್ಕನ ಮನೆಗೂ ಓಡಿ, ಎಲ್ಲರ ಫೋನಿಗೂ ಅಂಚೆ ಕೂರಿಸಿ, ದಿಗ್ವಿಜಯ ಮುಗಿಸಿದ ರಾಜನಂತೆ ಮಧ್ಯಾಹ್ನ ಮನೆಗೆ ಬಂದ. ಹೆಂಡತಿಯ ಮುಖ ಅರಳಿತ್ತು.

"ಪರವಾಗಿಲ್ಲ ಕಣ್ರೀ ನಿಮ್ಮ ಅಂಚೆ! ಈಗ ತಾನೇ ಅಮ್ಮನಿಗೆ ಮನಸ್ಸು ಬಿಚ್ಚಿ ಬರೆದು ಕಳಿಸಿದೆ. ಈ ಸ್ವೆಟರ್ ಸಂಕಟ ಎಲ್ಲಾ ಹೇಳ್ಕೊಂಡೆ. ಹಗುರಾಯ್ತು."

ವೀರನ ಎದೆ ಉಬ್ಬಿತು. ಉಬ್ಬಿದ್ದು ಅರ್ಧಕ್ಕೇ ನಿಂತಿತು.

"ಯಾವ ವಿಳಾಸಕ್ಕೆ ಕಳಿಸಿದೆ?"

"ಯಾವುದು ಅಂದ್ರೆ? 'ಅಮ್ಮ'."

"ಅಯ್ಯಯ್ಯೋ! 'ಅಮ್ಮ' ಅಂದ್ರೆ ನಮ್ಮಮ್ಮ ಕಣೇ! ನಿಮ್ಮಮ್ಮ 'ಅತ್ತೆ'!"

"ನಂಗೆ ಅತ್ತೆ ಅಂದ್ರೆ ನಿಮ್ಮಮ್ಮ ಅಲ್ವೇನ್ರೀ!"

ಓದದೆ ಬಿದ್ದ ಕಾಗದವನ್ನು ನೆನಪಿಸುತ್ತಾ ಪಕ್ಕದ ಕೋಣೆಯಲ್ಲಿ ಫೋನು ಮತ್ತೆ 'ಟಿಣ್' ಎಂದಿತು.

"ಏನೋ ಬಂದಿದೆ ಕಣೋ!" ಅಮ್ಮನ ದನಿ. "ನನ್ನ ಕನ್ನಡಕ ಎಲ್ಲಿಟ್ಟೆ?"

"ನಾನು ಹುಡುಕ್ತೀನಿ ಅತ್ತೆ!" ಹೆಂಡತಿ ಬಾಣದಂತೆ ಒಳಗೆ ನುಗ್ಗಿದಳು. ಕನ್ನಡಕ ಅತ್ತೆಯ ತಲೆಯ ಮೇಲೇ ಇತ್ತು. ಅದನ್ನು ಕಂಡೂ ಕಾಣದವಳಂತೆ ಸೊಸೆ ಮಂಚದಡಿ ತೂರಿಕೊಂಡಳು.

ಇತ್ತ ವೀರ ಲ್ಯಾಪ್‌ಟಾಪಿಗೆ ಹಾರಿ ಅಮ್ಮನ ಪೆಟ್ಟಿಗೆ ತೆರೆದ. ಶುರುವೇ ಹೀಗಿತ್ತು: "ಒಂದೊಂದು ತೋಳೂ ಆನೆಗೆ ಹೆಣೆದ ಹಾಗಿದೆ. ಗಾಳಿಗಾದ್ರೂ ಹಾರಿಹೋಗಲಿ ಅಂತ ಮಹಡಿ ಮೇಲೆ ಒಣಗಿಸಿದ್ರೆ, ಪಕ್ಕದ ಮನೆಯವರು ಜೋಪಾನವಾಗಿ ತಂದುಕೊಟ್ಟರು." ಸುಮ್ಮನೆ ಅಳಿಸಿ ಹಾಕಿದ್ದರೆ ಮುಗಿಯುತ್ತಿತ್ತು! ಆದರೆ ಅಳಿಸುವುದು ಹೇಡಿಗಳ ಕೆಲಸವಂತೆ. ಯಾರೂ ಓದದ 'ಸರ್ವರ್' ಪೆಟ್ಟಿಗೆಗೆ ಅದನ್ನು ಗುಟ್ಟಾಗಿ ಸಾಗಿಸಹೊರಟ. ಅಮ್ಮನಿಗೆ ಕನ್ನಡಕ ಸಿಗುವಷ್ಟರಲ್ಲಿ ಮುಗಿಸಬೇಕಿತ್ತು. ವಿಳಾಸ ಕುಟ್ಟಿದ, ಒತ್ತಿದ, ಉಸ್ಸಪ್ಪಾ ಎಂದು ಹಿಂದಕ್ಕೊರಗಿದ.

ಟಿಣ್! ಅಮ್ಮನ ಫೋನು. ಟಿಣ್! ಹೆಂಡತಿಯ ಫೋನು. ಟಿಣ್! ಅವನದೇ ಜೇಬು!

ಮಂಚದಡಿಯಿಂದಲೇ ಫೋನು ನೋಡಿದ ಹೆಂಡತಿ ಧೂಳು ಮೆತ್ತಿದ ಮುಖದಲ್ಲಿ ಓಡಿಬಂದಳು. "ರೀ! ನನ್ನ ಕಾಗದ ನಂಗೇ ಬಂದಿದೆ! ಯಾರಿಗೆ ಕಳಿಸಿದ್ರಿ?"

"ಸರ್ವರ್‌ಗೆ..."

"ಸರ್ವರ್‌ಗೋ, ಸರ್ವರಿಗೋ? ನೋಡ್ರೀ ಇಲ್ಲಿ! ಕೊನೇ ಅಕ್ಷರಕ್ಕೆ ಕೊಂಬು ಕೊಟ್ಟಿದೀರಾ! ಬೆಳಿಗ್ಗೆಯಿಂದ ನಿಮಗೇ ಕೊಂಬು ಬಂದಿತ್ತು, ಈಗ ಅದಕ್ಕೂ ಬಂತು!"

ಅಷ್ಟರಲ್ಲಿ ಉತ್ತರಗಳು ಶುರುವಾದವು. ಮಾವ: "ಅಳಿಯಂದಿರೇ, ಅಂಚೆ ಅದ್ಭುತ!" ಅಕ್ಕ: "ಇಂಥ ಅಂಚೆ ಲೋಕದಲ್ಲೇ ಇಲ್ಲ ಕಣೋ!" ಆ ಆಘಾತದಲ್ಲೂ ವೀರನ ಮೀಸೆಯಂಚಿನಲ್ಲಿ ನಗು ಮಿಂಚಿತು. ಆಮೇಲೆ ಕಾಗದದ ಕೊನೆಯ ಸಾಲು ಕಣ್ಣಿಗೆ ಬಿತ್ತು: "ಈ ಅಂಚೆಯನ್ನ ಸ್ವಲ್ಪ ಹೊಗಳಿಬಿಡಮ್ಮ, ಇಲ್ಲದಿದ್ರೆ ಇವರು ಇನ್ನೇನಾದ್ರೂ ಶುರು ಮಾಡ್ತಾರೆ." ಮಿಂಚಿದ್ದು ಅಲ್ಲೇ ಆರಿತು.

ಬಾಗಿಲಲ್ಲಿ ಅಮ್ಮ ನಿಂತಿದ್ದರು. ಕನ್ನಡಕ ಮೂಗಿನ ಮೇಲಿತ್ತು.

"ತೋಳು ಆನೆಗೆ ಹೆಣೆದ ಹಾಗಿದೆ ಅಂತ ಬರ್ದಿದೀಯಾ."

"ಅತ್ತೆ... ತಪ್ಪಾಯ್ತು." ಹೆಂಡತಿಯ ಕಣ್ಣು ತುಂಬಿತು. ಮತ್ತೆ ಯುದ್ಧ, ಮತ್ತೆ ಮೌನ, ಮತ್ತೆ ತಣ್ಣಗಿನ ಊಟ! ವೀರ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದ.

"ತಪ್ಪೇ. ಆನೆಗೂ ಅದು ದೊಡ್ಡದೇ ಆಗುತ್ತೆ," ಎಂದರು ಅಮ್ಮ. "ಹೆಣೀವಾಗಲೇ ಅನುಮಾನ ಬಂತು. ಅಳತೆ ನಿನ್ನನ್ನ ಕೇಳೋಣ ಅಂದ್ರೆ ಆಗ ಮಾತು ಬಿಟ್ಟಿದ್ವಲ್ಲ, ಇವನನ್ನ ಕೇಳಿದೆ. ನಿನ್ನ ಫೋಟೋ ನೋಡಿ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಕೊಟ್ಟ, ಮಹಾನುಭಾವ!"

ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದರು. ಅವನಿಗೆ ಮಂಚದಡಿ ನೆನಪಾಯಿತು.

"ದೊಡ್ಡದಾಯ್ತು ಅಂತ ಬಾಯಿಬಿಟ್ಟು ಹೇಳಬಾರದಿತ್ತೇನೇ?" ಎಂದರು ಅಮ್ಮ ಸೊಸೆಗೆ.

"ನಿಮಗೆ ಬೇಜಾರಾಗಿ ಮತ್ತೆ ಮಾತು ಬಿಟ್ರೆ ಅಂತ ಭಯ ಆಯ್ತು ಅತ್ತೆ."

"ನಂಗೂ ಅದೇ ಭಯ ಕಣೇ! ಅದಕ್ಕೇ ಚೆನ್ನಾಗಿ ಕೂತಿದೆ ಅಂತಿದ್ದೆ." ಅಮ್ಮ ಫಕ್ಕನೆ ನಕ್ಕರು. ಅಳುತ್ತಿದ್ದವಳೂ ನಕ್ಕಳು. "ಬಿಚ್ಚು ಅದನ್ನ. ಈ ಸಲ ಟೇಪ್ ಹಿಡಿದು ನಾನೇ ಅಳತೆ ತಗೊಂಡು ಬೇರೆ ಹೆಣೀತೀನಿ."

"ಇದನ್ನೇನು ಮಾಡೋದು ಅತ್ತೆ?"

ಅಮ್ಮ ಮಗನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಇವನ ಸರ್ವರಿಗೆ ತೊಡಿಸಲಿ. ಅದು ಹೇಗೂ ಇಲ್ಲವಲ್ಲ, ಅಳತೆ ತಪ್ಪೋ ಭಯ ಇಲ್ಲ!"