ಮಾವನ ಬಬಲ್ ಗಮ್ ಆಸ್ತಿ

ನನ್ನ ಸೋದರಮಾವನಷ್ಟು ಬಬಲ್ ಗಮ್ ಅಗಿದ ಮನುಷ್ಯ ಇಡೀ ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ! ಆದರೆ ತಮಾಷೆ ನೋಡಿ, ಅವನಿಗೆ ಒಂದೇ ಒಂದು ಗುಳ್ಳೆ ಊದಲು ಇವತ್ತಿಗೂ ಬರುವುದಿಲ್ಲ. ಅವನಿಗೆ ಗುಳ್ಳೆ ಬೇಕಾಗಿರಲಿಲ್ಲ, ನಿಜ ಹೇಳಬೇಕೆಂದರೆ ಗಮ್ಮೂ ಬೇಕಾಗಿರಲಿಲ್ಲ. ಬೇಕಾಗಿದ್ದುದು ಆ ಪೊಟ್ಟಣದೊಳಗೆ ಸಿಗುತ್ತಿದ್ದ, ಕ್ರಿಕೆಟ್ ಆಟಗಾರನ ಚಿತ್ರವಿರುವ ಪುಟ್ಟ ಕಾರ್ಡು.

ತೊಂಬತ್ತರ ದಶಕದಲ್ಲಿ ಮಕ್ಕಳಾಗಿದ್ದವರಿಗೆಲ್ಲ ಈ ಕಾರ್ಡು ಗೊತ್ತು. ತೊಂದರೆ ಏನೆಂದರೆ ಮಾವ ಆಗ ಮಗುವಾಗಿರಲಿಲ್ಲ. ತುಮಕೂರಿನ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲುವ, ದಪ್ಪ ಮೀಸೆಯ ಗಂಡಸು! ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ.

ಹುಚ್ಚು ಹತ್ತಿಸಿದ್ದು ಕಡಲೇಕಾಯಿ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕಡಲೇಕಾಯಿ ಕಟ್ಟಿಕೊಟ್ಟ ಪೇಪರಿನಲ್ಲಿ ಒಂದು ಸುದ್ದಿಯಿತ್ತಂತೆ. ಅಮೆರಿಕದಲ್ಲಿ ಬಬಲ್ ಗಮ್ ಜೊತೆ ಬರುತ್ತಿದ್ದ ಬೇಸ್‌ಬಾಲ್ ಆಟಗಾರನ ಹಳೆಯ ಕಾರ್ಡೊಂದನ್ನು ಯಾರೋ ಒಂದು ಬಂಗಲೆಯ ಬೆಲೆಗೆ ಕೊಂಡರು ಅಂತ. ಸುದ್ದಿಯ ಕೆಳಗಿನ ಅರ್ಧ ಹರಿದುಹೋಗಿತ್ತು. ಮಾವನಿಗೆ ಮೇಲಿನ ಅರ್ಧವೇ ಧಾರಾಳವಾಗಿ ಸಾಕಾಯಿತು. ಊರಿಗೆ ಹೋಗುವ ಬಸ್ಸು ಬಿಟ್ಟು ಸೀದಾ ತುಮಕೂರಿನ ನಮ್ಮ ಮನೆಗೆ ಬಂದ.

“ಅಕ್ಕಾ, ಅಲ್ಲಿ ಬೇಸ್‌ಬಾಲು, ಇಲ್ಲಿ ಕ್ರಿಕೆಟ್ಟು. ಅಷ್ಟೇ ಕಣಕ್ಕ ವ್ಯತ್ಯಾಸ! ಇನ್ನೊಂದಿಪ್ಪತ್ತು ವರ್ಷ ಬುಡು, ಆಮೇಲೆ ನೋಡು ನನ್ನ!”

“ಇಪ್ಪತ್ತು ವರ್ಷಕ್ಕೆ ನಿನ್ ಹಲ್ಲು ಉಳ್ದಿರ್ತವೇನೋ, ಮೊದ್ಲು ಅದ್ನ ನೋಡ್ಕೋ,” ಎಂದಳು ನಮ್ಮಮ್ಮ.

ಕಾರ್ಡು ತೆಗೆದುಕೊಂಡು ಗಮ್ ಬಿಸಾಡಬಹುದಿತ್ತಲ್ಲ ಎನ್ನುತ್ತೀರಾ? ಅಯ್ಯೋ, ತಿನ್ನುವ ವಸ್ತುವನ್ನು ಬಿಸಾಡುವ ಮನೆತನ ನಮ್ಮದಲ್ಲ! ಹಾಗಾಗಿ ಮನೆಮಂದಿಯೆಲ್ಲ ಅಗಿಯಬೇಕಾಯಿತು. ನಾನು ದವಡೆ ನೋವು ಬಂದು ಊಟ ಬಿಟ್ಟಿದ್ದೂ ಉಂಟು. ಅಜ್ಜಿಗೂ ವಿನಾಯಿತಿ ಇರಲಿಲ್ಲ. ಪಾಪ, ಅವಳು ಅದನ್ನು ಎಲೆ ಅಡಿಕೆಯ ಜೊತೆ ಸೇರಿಸಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಹೋರಾಡಿದಳು. “ಇದೇನ್ಲಾ ಇದು, ಎಷ್ಟ್ ಅಗುದ್ರೂ ನುಣ್ಣಗೇ ಆಗ್ದು!” ಎಂದು ಕೊನೆಗೆ ಉಗಿದಳು. ಗಮ್ಮನ್ನೋ ಮಾವನನ್ನೋ ಸರಿಯಾಗಿ ಗೊತ್ತಾಗಲಿಲ್ಲ.

ಗುಬ್ಬಿಯ ಅಂಗಡಿಯವನು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

“ಅಣ್ಣ, ನಿಮ್ಗೆ ಮಕ್ಳೆಷ್ಟು?”

“ನಂಗಿನ್ನೂ ಮದ್ವೇನೇ ಆಗಿಲ್ಲ.”

“ಮತ್ತೆ ಡಬ್ಬಗಟ್ಲೆ ಬಬಲ್ ಗಮ್ ತಗೊಂಡೋಗ್ತೀರಲ್ಲ, ಯಾರ್ಗೆ?”

“ನಂಗೇ!”

ಅವತ್ತಿನಿಂದ ಅಂಗಡಿಯವನು ಮಾವನನ್ನು ಕನಿಕರದಿಂದ ನೋಡತೊಡಗಿದ.

ಇಂಥ ಗಂಡಿಗೆ ಹೆಣ್ಣು ಹುಡುಕಿಕೊಂಡು ಕುಣಿಗಲ್ ಕಡೆಗೆ ಹೋದೆವು. ಕೇಸರಿಬಾತು ಬಂತು, ಹುಡುಗಿ ಬಂದಳು. “ಏನಾದ್ರೂ ಕೇಳೋದಿದ್ರೆ ಕೇಳಪ್ಪ, ನಾಚ್ಕೊಬ್ಯಾಡ,” ಎಂದರು ಹುಡುಗಿಯ ತಂದೆ. ಅಡುಗೆ ಬರುತ್ತಾ, ಎಷ್ಟು ಓದಿದ್ದೀಯ ಎಂದು ಕೇಳುವುದು ಲೋಕರೂಢಿ. ನಮ್ಮ ಮಾವ ಗಂಟಲು ಸರಿಮಾಡಿಕೊಂಡು, “ನಿಮ್ಮನೇಲಿ ಬಬಲ್ ಗಮ್ ಕಾರ್ಡೇನಾದ್ರೂ ಇದಾವಾ?” ಎಂದ!

ನಮ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗಿ ಮಾತ್ರ ಎದ್ದು ಒಳಗೆ ಹೋಗಿ, ಒಂದು ತಟ್ಟೆ ತುಂಬ ಕಾರ್ಡು ತಂದಿಟ್ಟಳು. “ತಮ್ಮಂದಿರು ಓದ್ಕೊಳ್ದೆ ಇದ್ರಲ್ಲೇ ಬಿದ್ದಿರ್ತಿದ್ರು, ಕಿತ್ತಿಟ್ಟಿದ್ದೆ,” ಎಂದಳು. ಮಾವ ಕೂತಲ್ಲೇ ಒಪ್ಪಿಬಿಟ್ಟ. “ಅವತ್ತು ಒಪ್ಪಿದ್ದು ನನ್ನನ್ನೋ ತಟ್ಟೇನೋ ಅಂತ ಇವತ್ತಿಗೂ ಬಾಯ್ಬಿಟ್ಟಿಲ್ಲ ಕಣೇ,” ಎಂದು ಅತ್ತೆ ನನ್ನ ಹತ್ತಿರ ಎಷ್ಟೋ ಸಲ ಅಂದಿದ್ದಾಳೆ.

ಮದುವೆಯ ನಂತರ ಮಾವನಿಗೆ ಹೊಸ ಜ್ಞಾನೋದಯವಾಯಿತು. ಪೊಟ್ಟಣ ಒಡೆಯದೆ ಇಟ್ಟರೆ ಬೆಲೆ ಇನ್ನೂ ಹೆಚ್ಚಂತೆ! ಸರಿ, ಕಾರ್ಡು ತುಂಬಿಟ್ಟಿದ್ದ ಟ್ರಂಕಿನಲ್ಲಿ ಒಡೆಯದ ಪೊಟ್ಟಣಗಳೂ ಸೇರಿದವು, ಅವುಗಳ ಹಿಂದೆಯೇ ಗುಬ್ಬಿಯ ಸಮಸ್ತ ಇರುವೆಗಳೂ ಸೇರಿದವು. ಮಾವ ಟ್ರಂಕನ್ನು ಒಂದು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿದ. ಬಟ್ಟಲುಗಳು ಎಲ್ಲಿಂದ ಬಂದವು? ಅತ್ತೆ ತುಪ್ಪ, ಬೆಲ್ಲ ಇಡುತ್ತಿದ್ದ ಸ್ಟ್ಯಾಂಡಿನ ಅಡಿಯಿಂದ! ಬೆಲ್ಲಕ್ಕೆ ಇರುವೆ ಮುತ್ತಿದರೂ ಪರವಾಗಿಲ್ಲ, ವಿಕೆಟ್ ಕೀಪರ್‌ಗೆ ಮುತ್ತಬಾರದು. ಅತ್ತೆ ಎರಡು ದಿನ ಮಾತು ಬಿಟ್ಟಳು. ಅವನು ಗಮನಿಸಲೇ ಇಲ್ಲ, ಏಕೆಂದರೆ ಇಬ್ಬರ ಮಾತನ್ನೂ ಅವನೊಬ್ಬನೇ ಆಡುತ್ತಿದ್ದ.

ಹೀಗೆ ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಮಾವನ ವರ್ಕ್‌ಶಾಪ್ ಮುಚ್ಚಿತು. ಅದರ ಜೊತೆಗೆ ಮಾವನ ಬಾಯಿಯೂ ಮುಚ್ಚಿತು. ನಾನಾಗ ತುಮಕೂರಿನಲ್ಲಿ ಟೀಚರ್ ಆಗಿದ್ದೆ. ಗುಬ್ಬಿಗೆ ಹೋದಾಗಲೆಲ್ಲ ಮಾವ ಜಗುಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. “ಹೆಂಗಿದೀಯ ಮಾವ?” ಅಂದರೆ “ಹೂಂ” ಅನ್ನುತ್ತಿದ್ದ. ಟ್ರಂಕನ್ನು ತೆಗೆಯುತ್ತಲೂ ಇರಲಿಲ್ಲ. ಅತ್ತೆ ಬ್ಲೌಸು ಹೊಲಿದು ಮನೆ ನಡೆಸುತ್ತಿದ್ದಳು. ಇಡೀ ಮನೆಯಲ್ಲಿ ಹೊಲಿಗೆ ಮೆಷಿನ್ನಿನದೊಂದೇ ಸದ್ದು. ನನಗೆ ಅಲ್ಲಿ ಕೂರಲಾಗದೆ ಬೇಗ ಎದ್ದು ಬರುತ್ತಿದ್ದೆ.

ಒಂದು ಶನಿವಾರ ಅತ್ತೆ ಫೋನ್ ಮಾಡಿದಳು. “ನಾಳೆ ಕುಣಿಗಲ್‌ಗೆ ಹೋಗಿ ಎಲ್ಲಾ ಕಾರ್ಡು ಮಾರ್ಬಿಡ್ತಾರಂತೆ. ಅಲ್ಲಿ ಹಳೇ ನಾಣ್ಯ, ಸ್ಟ್ಯಾಂಪು ತಗೊಳ್ಳೋ ಅಂಗ್ಡಿ ಐತಂತೆ. ನೀನೂ ಬಾರೇ, ನಂಗ್ಯಾಕೋ ಭಯ ಆಯ್ತೈತೆ.”

ಭಯ ನನಗೂ ಆಯಿತು. ಮಾರಿಹೋದರೆ ಅವನಿಗೆ ಉಳಿದಿರುವುದು ಅದೊಂದೇ, ಅದೂ ಹೋಯಿತು. ಮಾರದಿದ್ದರೆ ಇಷ್ಟು ವರ್ಷ ತಾನೊಬ್ಬ ದಡ್ಡ ಎಂದು ಹೆಂಡತಿಯ ಎದುರಿಗೇ ಗೊತ್ತಾಗುತ್ತದೆ. ಯಾವುದಕ್ಕೆ ಅಂತ ಹರಕೆ ಹೊರುವುದು, ನೀವೇ ಹೇಳಿ!

ಅಂಗಡಿಯ ಭಾಯ್ ಒಳ್ಳೆಯ ಮನುಷ್ಯ. ಕೂರಿಸಿ ಟೀ ತರಿಸಿ, ಕನ್ನಡಕ ಹಾಕಿಕೊಂಡು ಟ್ರಂಕ್ ತೆಗೆದರು. ಒಂದು ಕಾರ್ಡು ನೋಡಿದರು, ಇನ್ನೊಂದು ನೋಡಿದರು, ಆಮೇಲೆ ನಗು ತಡೆಯಲಾರದೆ ಹೋದರು.

“ಇದೇನ್ ಸಾರ್, ಇಂಗ್ಲೆಂಡ್ ಟೀಮ್‌ಗೆಲ್ಲಾ ಕುಂಕುಮ ಇಟ್ಬಿಟ್ಟಿದ್ದೀರಾ!”

ಇಟ್ಟಿದ್ದರು. ವರ್ಕ್‌ಶಾಪಿನವರಿಗೆ ಆಯುಧಪೂಜೆಗಿಂತ ದೊಡ್ಡ ಹಬ್ಬ ಯಾವುದಿದೆ? ಲೇತ್‌ಗೆ, ಸೈಕಲ್ಲಿಗೆ, ಹೊಲಿಗೆ ಮೆಷಿನ್ನಿಗೆ ಪೂಜೆ ಮಾಡಿ ಕಾರ್ಡುಗಳನ್ನು ಬಿಡುವುದುಂಟೇ? ಪ್ರತಿ ವರ್ಷ ಗಂಡ ಹೆಂಡತಿ ಇಬ್ಬರೂ ಕೂತು, ಒಬ್ಬೊಬ್ಬ ಆಟಗಾರನ ಹಣೆಗೂ ಶ್ರದ್ಧೆಯಿಂದ ಬೊಟ್ಟಿಟ್ಟಿದ್ದರು!

“ಕುಂಕುಮ ಇಲ್ದಿದ್ರೂ ಅಷ್ಟೇ ಬಿಡಿ ಸಾರ್,” ಎಂದು ಭಾಯ್ ಮೆತ್ತಗೆ ಹೇಳಿದರು. ಒಳಗಿನಿಂದ ಒಂದು ಮೂಟೆ ಎಳೆದುತಂದು ಬಿಚ್ಚಿದರು. ತುಂಬ ಅವೇ ಕಾರ್ಡುಗಳು. “ಹಳೇ ಕಾಲದಲ್ಲಿ ಜನ ಬಿಸಾಕ್ತಿದ್ರು, ಅದಕ್ಕೆ ಉಳಿದಿದ್ದಕ್ಕೆ ಬೆಲೆ ಬಂತು. ಇವನ್ನ ಲಕ್ಷಗಟ್ಟಲೆ ಪ್ರಿಂಟ್ ಹಾಕಿದ್ರು, ಮುಂದೆ ಬೆಲೆ ಬರುತ್ತೆ ಅಂತ ಎಲ್ರೂ ಜೋಪಾನ ಮಾಡಿದ್ರು. ಯಾರೂ ಬಿಸಾಕಲಿಲ್ಲ. ಇನ್ನು ಬೆಲೆ ಎಲ್ಲಿಂದ ಬರ್ಬೇಕು?” ಕಡಲೇಕಾಯಿ ಪೇಪರಿನ ಹರಿದ ಅರ್ಧದಲ್ಲಿ ಇದ್ದದ್ದು ಬಹುಶಃ ಇದೇ ಮಾತು.

ನಾನು ಮಾವನ ಮುಖ ನೋಡಲಾಗದೆ ಟೀ ಲೋಟ ನೋಡುತ್ತಿದ್ದೆ.

“ಹಂಗಾದ್ರೆ ಯಾರೂ ತಗೊಳ್ಳಲ್ವಾ?” ಎಂದ ಮಾವ.

“ಸುಮ್ನೆ ಕೊಟ್ರೂ ತಗೊಳ್ಳಲ್ಲ ಸಾರ್.”

“ಗ್ಯಾರಂಟಿನಾ?”

“ಗ್ಯಾರಂಟಿ.”

ಮಾವ ದೊಡ್ಡದೊಂದು ಉಸಿರು ಬಿಟ್ಟ. “ಅಬ್ಬಾ! ಬದುಕ್ಕೊಂಡೆ ಕಣ್ರೀ!” ಎಂದು ಭಾಯ್‌ ಅವರ ಎರಡೂ ಕೈ ಹಿಡಿದುಕೊಂಡ. “ಮನಸ್ಸು ಕಲ್ಲು ಮಾಡ್ಕೊಂಡು ತಂದಿದ್ದೆ. ಈ ಕಾರ್ಡಂತೂ ನನ್ನ ಸಾಕಲ್ಲ ಅಂತ ಗೊತ್ತಾಯ್ತಲ್ಲ, ನಾಳೆಯಿಂದ ಬೇರೆ ಕೆಲ್ಸ ಹುಡುಕ್ತೀನಿ.” ಅಷ್ಟು ಹೇಳಿ, ಭಾಯ್ ಮನಸ್ಸು ಬದಲಾಯಿಸುವ ಮುಂಚೆ ಎನ್ನುವ ಹಾಗೆ ಟ್ರಂಕ್ ಮುಚ್ಚಿ ಎದ್ದ.

ತುಮಕೂರಿನ ಬಸ್ಸಿನಲ್ಲಿ ಟ್ರಂಕ್ ಅವನ ತೊಡೆಯ ಮೇಲೆಯೇ ಇತ್ತು. “ಏನಣ್ಣ ಇದ್ರಲ್ಲಿ, ಲಗೇಜಾ?” ಎಂದ ಕಂಡಕ್ಟರ್. ಕೇಳಬಾರದಿತ್ತು. ಮಾವ ಮುಚ್ಚಳ ತೆಗೆದು, ಒಬ್ಬೊಬ್ಬ ಆಟಗಾರನನ್ನೂ ಎತ್ತಿ ಹಿಡಿದು, ಅವನ ಪ್ರತಾಪ ಬಣ್ಣಿಸಲು ಶುರುಮಾಡಿದ. ಹಿಂದಿನ ಸೀಟಿನವರೂ ಬಗ್ಗಿ ನೋಡತೊಡಗಿದರು.

ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ.

“ನೋಡೇ,” ಎಂದಳು ಪಿಸುಮಾತಿನಲ್ಲಿ, “ಮಾತಾಡ್ತಾವ್ರೆ.”