ಬೈಯಲಿಕ್ಕೆ ಸಿಗುವ ಸರ್ವರ್ ಯಾವುದು?

ಸರ್ವರ್ ನೋಡಿಕೊಳ್ಳುವವರ ಹತ್ತಿರ ಯಾರೂ ಮಾತಾಡಲು ಬರುವುದಿಲ್ಲ ಎಂದು ಓದುವಾಗ ಮಾಸ್ತರರೊಬ್ಬರು ಹೆದರಿಸಿದ್ದರು. ಕಾರವಾರದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಮಾತು ತಪ್ಪಿದ ದಿನವೇ ಇಲ್ಲ. ನಾನು ಹೇಳುವುದು ಒಂದು, ಕೇಳುವವರಿಗೆ ಹುಟ್ಟುವ ಕುತೂಹಲ ಇನ್ನೊಂದು.

ನಮ್ಮದು ಮೀನು ರಫ್ತು ಮಾಡುವ ಕಂಪನಿ. ಆಫೀಸು ಕಾರವಾರದಲ್ಲಿ, ಮೀನು ಆರಿಸಿ ಪ್ಯಾಕ್ ಮಾಡುವ ಶೆಡ್ಡು ಅಂಕೋಲೆಯಲ್ಲಿ. ಆಫೀಸಿನ ಹಳೆಯ ಸರ್ವರ್ ಉಪ್ಪುಗಾಳಿಗೆ ತುಕ್ಕು ಹಿಡಿದು ಆಗಾಗ ನಿಲ್ಲತೊಡಗಿತ್ತು. ಅದು ನಿಂತರೆ ರಫ್ತಿನ ಕಾಗದಪತ್ರ ನಿಲ್ಲುತ್ತದೆ, ಕಾಗದ ಬರುವ ತನಕ ಮೀನು ಕಾಯುವುದಿಲ್ಲ. ಹಾಗಾಗಿ ಎಲ್ಲವನ್ನೂ ಕ್ಲೌಡ್‌ಗೆ, ಅಂದರೆ ಮುಂಬೈಯಲ್ಲೆಲ್ಲೋ ಇರುವ ಬಾಡಿಗೆ ಯಂತ್ರಕ್ಕೆ ಸಾಗಿಸಬೇಕಾಯಿತು. ಅದರಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂದು ಹೋಲಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

೧. ಒಳ್ಳೆಯ ಜನ

ಮೊದಲು ಯಜಮಾನರಿಗೆ ವಿವರಿಸಿದೆ. ಒಂದು ವಿಂಡೋಸ್, ಒಂದು ದುಡ್ಡು ಕೊಟ್ಟರೆ ತಯಾರಿಸಿದ ಕಂಪನಿಯೇ ಬೆಂಬಲ ಕೊಡುವ ಲಿನಕ್ಸ್, ಇನ್ನೊಂದು ಪುಕ್ಕಟೆ ಲಿನಕ್ಸ್. ಭದ್ರತೆ, ವೇಗ, ಮೆಮೊರಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಮೇಲೇರಿಸಿದರು.

"ಈ ಪುಕ್ಕಟೆದು ಹಾಳಾದ್ರೆ ಯಾರಿಗೆ ಫೋನ್ ಮಾಡೂದು?"

"ಫೋನ್ ಇಲ್ಲ ಸರ್. ಇಂಟರ್‌ನೆಟ್ಟಿನಲ್ಲಿ ಕೇಳಬೇಕು. ಯಾವ ದೇಶದಿಂದಾದ್ರೂ ಯಾರಾದ್ರೂ ಉತ್ತರ ಕೊಡ್ತಾರೆ."

"ಸಂಬಳ ಇಲ್ದೇ?"

"ಹೌದು ಸರ್, ಪ್ರೀತಿಯಿಂದ."

ಯಜಮಾನರು ಕನ್ನಡಕ ಕೆಳಗಿಳಿಸಿದರು. "ಎಂಥಾ ಒಳ್ಳೆ ಜನ ಮಾರಾಯ್ತಿ! ಇಂಥವ್ರಿಗೆ ಬೈಯೂದು ಹ್ಯಾಂಗೆ? ಪಟ್ಟಿಯಿಂದ ತೆಗೆ ಅದನ್ನ."

೨. ಬೆಂಬಲದ ಆಯುಷ್ಯ

ಉಳಿದದ್ದು ಎರಡು. ಯಾವ ಆವೃತ್ತಿಗೂ ಅದರ ಕಂಪನಿಯ ಬೆಂಬಲ ಒಂದು ದಿನ ಮುಗಿಯುತ್ತದೆ, ಆಮೇಲೆ ಹೊಸದಕ್ಕೆ ಹೋಗಲೇಬೇಕು ಎಂದು ಮೀಟಿಂಗಿನಲ್ಲಿ ಹೇಳಿದೆ. ಎಂದೂ ಪ್ರಶ್ನೆ ಕೇಳದ ಅಕೌಂಟೆಂಟ್ ಮೇಡಂ ಥಟ್ಟನೆ ನೆಟ್ಟಗೆ ಕೂತರು.

"ಹೊಸದಕ್ಕೆ ಹೋಗೂದು ಅಂದ್ರೆ ಮತ್ತೆ ಇದೇ ಗೋಳಾ?"

"ಇದೇ ಗೋಳು ಮೇಡಂ."

"ಯಾವುದ್ರದ್ದು ಯಾವಾಗ ಮುಗೀತದೆ, ಸರಿಯಾಗಿ ಹೇಳು."

ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ನನಗೋ ಖುಷಿಯೋ ಖುಷಿ. ದೊಡ್ಡ ದೊಡ್ಡ ಕಂಪನಿಗಳೂ ಮರೆಯುವ ವಿಷಯವಲ್ಲವೇ ಇದು! "ಇಷ್ಟು ದೂರದ್ದು ಯೋಚಿಸುವವರೇ ಇಲ್ಲ ಮೇಡಂ" ಎಂದೆ.

"ಎಂಥ ದೂರದ್ದು! ಎರಡೂ ಮುಗಿಯೂದು ನಾನು ರಿಟೈರಾದ ಮೇಲೇ. ಯಾವ್ದಾದ್ರೂ ಹಾಕು."

೩. ಚಿತ್ರವಿಲ್ಲದ ಕಂಪ್ಯೂಟರ್

ಒಂದು ಭಾನುವಾರ ಹಾರವಾಡದ ನಮ್ಮ ಮನೆಯ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪಿನಿಂದ ಲಿನಕ್ಸ್ ಪರೀಕ್ಷೆ ಮಾಡುತ್ತಿದ್ದೆ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಮೀನು ಕೊಟ್ಟ ಪಾತ್ರೆ ವಾಪಸು ಒಯ್ಯಲು ಬಂದ ನೆರೆಮನೆಯ ಮಾವಶಿ ಇಣುಕಿದರು.

"ಅಯ್ಯೋ, ಚಿತ್ರ ಎಲ್ಲ ಎಲ್ಲಿ ಹೋಯ್ತೇ?"

"ಇದ್ರಲ್ಲಿ ಚಿತ್ರ ಇರೂದಿಲ್ಲ ಮಾವಶಿ."

"ಬಣ್ಣ?"

"ಅದೂ ಬೇಡ. ಇಲ್ದಿದ್ರೇ ಒಳ್ಳೇದು, ಸರ್ವರ್ ಹಗುರ ಆಗ್ತದೆ."

ಮಾವಶಿ ನನ್ನ ಬೆನ್ನು ಸವರಿ ಹೋದರು. ಯಾಕೆಂದು ಆಗ ತಿಳಿಯಲಿಲ್ಲ. ಮುಂದಿನ ವಾರ ಅರ್ಗಾದಿಂದ ನನ್ನನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಮೊದಲು ಅವರ ಹತ್ತಿರವೇ ವಿಚಾರಿಸಿದರಂತೆ. ಮಾವಶಿ ಕೊಟ್ಟ ಉತ್ತರವನ್ನು ಆಯಿ, ಅಂದರೆ ನನ್ನ ಅಮ್ಮ, ನನಗೆ ಹೇಳಿದಳು: "ಹುಡ್ಗಿ ಚಿನ್ನ. ಕಂಪನಿದೇ ಸ್ಥಿತಿ ಸರಿ ಇಲ್ಲ, ಪಾಪ, ಬಣ್ಣದ ಕಂಪ್ಯೂಟರ್ ಕೊಡೂಕೂ ತ್ರಾಣ ಇಲ್ಲ."

೪. ಎ ಮತ್ತು ಬಿ

ಕೊನೆಗೆ ನಾವು ಹಾಕಿದ್ದು ಲಿನಕ್ಸ್, ಈಗ ಅದು ಗಲಾಟೆಯಿಲ್ಲದೆ ನಡೆಯುತ್ತಿದೆ. ಆದರೆ ಆರಿಸುವ ಮೊದಲು ಎರಡನ್ನೂ ಬಳಸಿ ನೋಡೋಣ ಎಂದಿದ್ದೆ. ಕೆಲಸ ಮಾಡುವವರಿಗೆ ಕಾಣುವ ಪುಟ ಎರಡರಲ್ಲೂ ಒಂದೇ. ಹೆಸರು ಕೇಳಿ ಯಾರೂ ಪಕ್ಷ ಹಿಡಿಯಬಾರದೆಂದು ಎಲ್ಲರ ಕಂಪ್ಯೂಟರಿನಲ್ಲಿ "ಎ", "ಬಿ" ಎಂದು ಎರಡು ಗುರುತು ಇಟ್ಟೆ. ಎ ಸಿದ್ಧವಿತ್ತು. ಬಿ ಯಂತ್ರಕ್ಕೆ ಮಾಹಿತಿ ಇನ್ನೂ ನಕಲಾಗುತ್ತಿತ್ತು. ಅಲ್ಲಿಯ ತನಕ ಬಿ ಒತ್ತಿದರೂ ಎ ಯಂತ್ರವೇ ತೆರೆಯುವ ಹಾಗೆ ಮಾಡಿದ್ದೆ, ನಿಜವಾದ ಬಿ ಶುರುವಾದಾಗ ಎಲ್ಲರಿಗೂ ಹೇಳಿದರಾಯಿತೆಂದು.

ಬೆಳಗಿನ ಚಹಾ ಬರುವುದರೊಳಗೆ ಅಂಕೋಲೆ ಶೆಡ್ಡಿನ ಸೂಪರ್‌ವೈಸರ್ ಫೋನ್ ಮಾಡಿದರು. "ತಂಗಿ, ಬಿ ಅಂದ್ರೆ ಬಿ! ಒತ್ತೂದ್ರೊಳಗೆ ಬತ್ತದೆ!"

ಇತ್ತ ಅಕೌಂಟೆಂಟ್ ಮೇಡಂ, "ಬಿ ಕಣ್ಣಿಗೆ ಚುಚ್ತದೆ, ಎ ತಂಪು" ಎಂದರು. ಇದೆಲ್ಲಿಗೆ ಹೋಗಿ ನಿಲ್ಲುತ್ತದೋ ನೋಡೋಣವೆಂದು ನಾನು ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಫೀಸು ಎರಡು ಪಕ್ಷವಾಯಿತು. ಯಜಮಾನರು ಎ ಕಡೆ. ಸಂಜೆ ಸೂಪರ್‌ವೈಸರ್ ಬಿ ಪರ ವಾದ ಮಾಡಲಿಕ್ಕೆಂದೇ ಅಂಕೋಲೆಯಿಂದ ಬೈಕಿನಲ್ಲಿ ಬಂದಿಳಿದರು. ದನಿ ಏರಿತು. ಇನ್ನು ಸುಮ್ಮನಿರುವುದು ಸರಿಯಲ್ಲವೆಂದು ಎದ್ದು ನಿಂತೆ.

"ಬಿ ಇನ್ನೂ ಶುರುವೇ ಆಗಿಲ್ಲ. ಬೆಳಗಿನಿಂದ ಎರಡರಲ್ಲೂ ಬರ್ತಾ ಇರೂದು ಎ."

ಯಜಮಾನರು ಫ್ಯಾನ್ ನೋಡಿದರು. ಮೇಡಂ ಚೀಲದಲ್ಲಿ ಏನೋ ಹುಡುಕತೊಡಗಿದರು. ಸೂಪರ್‌ವೈಸರ್ ಮಾತ್ರ ಅಲುಗಾಡಲಿಲ್ಲ.

"ಒಂದೇ ಯಂತ್ರ ಅಂದ್ಯಾ?"

"ಒಂದೇ."

"ಅದೇ ನೋಡು ತಂಗಿ! ಒಂದೇ ಯಂತ್ರ ಆದ್ರೂ ಬಿ ಎಷ್ಟು ಫಾಸ್ಟು!"